ಚಂಡಮಾರುತದ ಸುದ್ದಿ ಮತ್ತು ಭತ್ತದ ರಾಶಿ



ಕಾರ್ತಿಕ ಮಾಸ ಮುಗಿಯುವ ಹೊತ್ತಿಗೆ ಗಂಗಾವತಿಯ ಕಾಲುವೆ ಭಾಗದಲ್ಲಿ ಭತ್ತ ಕೊಯ್ಲಿಗೆ ಬಂದಿರುವದು. ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಹೊಲಗಳಲ್ಲಿ ತೊಗರಿ ಕಾಯಿ ಕಟ್ಟುತ್ತಿರುವದು. ಬಂಗಾಲ ಉಪಸಾಗರದಲ್ಲಿ ಚಂಡಮಾರುತ ಏಳುವ ಕಾಲವೂ ಇದೇ. "ಸಮುದ್ರ ಎಲ್ಲೋ ಐತಿ, ನಮಗೇನ್ರೀ?" ಎನ್ನುವವರುಂಟು. ಅವರು 2024ರ 'ಫೆಂಗಲ್' ಚಂಡಮಾರುತದ ಸಂಗತಿ ಕೇಳಬೇಕು.

ಅದು ನವೆಂಬರ್ 30ರ ರಾತ್ರಿ ಪುದುಚೇರಿಯ ಹತ್ತಿರ ದಂಡೆಗೆ ಬಂತು. ದಂಡೆ ದಾಟಿದ ಚಂಡಮಾರುತ ಸಾಮಾನ್ಯವಾಗಿ ಮುಂದೆ ಸರಿಯುತ್ತ ಬಲಗುಂದುವದು. ಇದು ಮಾತ್ರ ಹಟಮಾರಿ ಎತ್ತಿನಂತೆ ತಾಸುಗಟ್ಟಲೆ ಅಲ್ಲೇ ಕೂತುಬಿಟ್ಟಿತು. ಪುದುಚೇರಿಯಲ್ಲಿ ಒಂದೇ ದಿನಕ್ಕೆ 40 ಸೆಂಟಿಮೀಟರಿಗೂ ಮಿಕ್ಕಿ ಮಳೆಯಾಯಿತು. ನಮ್ಮ ಜಿಲ್ಲೆಯ ಇಡೀ ವರ್ಷದ ಮಳೆಯಲ್ಲಿ ಅದು ಅರ್ಧಕ್ಕಿಂತ ಹೆಚ್ಚು! ಬಲಗುಂದಿದ ಮೇಲೂ ತಮಿಳುನಾಡನ್ನು ಹಾಯ್ದು, ದಕ್ಷಿಣ ಕರ್ನಾಟಕಕ್ಕೂ ಮಳೆ ಸುರಿಸಿ, ಡಿಸೆಂಬರ್ ಮೊದಲ ವಾರದಲ್ಲಿ ಅರಬ್ಬೀ ಸಮುದ್ರಕ್ಕೆ ಇಳಿಯಿತು.

ಇದನ್ನೆಲ್ಲ ಹೇಗೆ ಕಂಡರು? ನಮ್ಮ ಇನ್ಸಾಟ್ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಇರುವವು. ಭೂಮಿಯ ಜೊತೆಗೇ ಸುತ್ತುವದರಿಂದ ಒಂದೇ ಕಡೆ ನಿಂತಂತೆ ಕಾಣುವವು. ಅವುಗಳ ಹತೋಟಿ ನಮ್ಮ ಹಾಸನದ ಕೇಂದ್ರದಲ್ಲಿದೆ. ಅರ್ಧ ತಾಸಿಗೊಮ್ಮೆ ಅವು ಮೋಡದ ಚಿತ್ರ ಕಳಿಸುವವು. ರಾತ್ರಿ ಹೇಗೆ ಕಂಡೀತು ಅನ್ನುವಿರಾ? ಉಪಗ್ರಹವು ಮೋಡದ ನೆತ್ತಿಯಿಂದ ಬರುವ ಶಾಖವನ್ನೂ ಅಳೆಯುವದು. ಎತ್ತರಕ್ಕೆ ಬೆಳೆದ ಮೋಡದ ನೆತ್ತಿ ಬಹಳ ತಣ್ಣಗಿರುವದು; ಚಿತ್ರದಲ್ಲಿ ಅದು ಬೆಳ್ಳಗೆ ಕಾಣುವದು. ಒಂದರ ಹಿಂದೊಂದು ಚಿತ್ರ ನೋಡಿದರೆ ಸುಳಿ ಸರಿಯಿತೋ, ನಿಂತಿತೋ ತಿಳಿಯುವದು.

ಆದರೆ ಒಂದು ಮಾತು ನೆನಪಿರಲಿ. ಚಿತ್ರ ಹೇಳುವದು ಗಾಳಿ ಈಗ ಎಲ್ಲಿದೆ ಎಂಬುದನ್ನು. ನಾಳೆ ಎತ್ತ ಹೋದೀತು ಎಂಬುದು ಲೆಕ್ಕಾಚಾರ, ಅದು ಬದಲಾಗಬಹುದು. ಆದ್ದರಿಂದ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ದಿನಾಲೂ ಮುಂಜಾನೆ-ಸಂಜೆ ಕೇಳಿರಿ.

ನಮ್ಮ ಕಡೆಗೆ ಮಳೆಯ ಸೂಚನೆ ಬಂದರೆ ಹೊಸದಾಗಿ ಭತ್ತ ಕೊಯ್ದು ಗದ್ದೆಯಲ್ಲಿ ಹಾಸಬೇಡಿರಿ. ನೆನೆದ ಕಾಳು ಮೊಳಕೆ ಒಡೆಯುವದು. ಕೊಯ್ದದ್ದಿದ್ದರೆ ಬೇಗ ಒಕ್ಕಿ, ರಾಶಿಯನ್ನು ಎತ್ತರದ ಜಾಗಕ್ಕೆ ಸಾಗಿಸಿ ತಾಡಪತ್ರಿ ಹೊದಿಸಿರಿ. ನಿಂತ ಪೈರಿನ ಗದ್ದೆಗೆ ಬಸಿಗಾಲುವೆ ಬಿಡಿಸಿರಿ. ತೊಗರಿಗೆ ಔಷಧಿ ಸಿಂಪಡಿಸುವದನ್ನು ಮುಂದೂಡಿರಿ. ತೊಳೆದು ಹೋದರೆ ರೊಕ್ಕವೂ ಹೋದಂತೆ. ದನಗಳ ಮೇವಿನ ಬಣವಿಯನ್ನೂ ಮರೆಯಬೇಡಿರಿ.

"ಗಾಳಿ ದಂಡೆ ದಾಟಿತಂತೆ" ಎಂದು ಕೇಳಿದ ಕೂಡಲೇ ತಾಡಪತ್ರಿ ತೆಗೆಯಬೇಡಿರಿ. ಮಳೆಯ ಸೂಚನೆ ಪೂರ್ತಿ ಹಿಂತೆಗೆದ ಮೇಲೆ ರಾಶಿ ಬಿಚ್ಚಿ ಬಿಸಿಲಿಗೆ ಹರವಿರಿ.