ಬೆಳಕಿನ ಒಡೆಯರು ಯಾರು?



ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಖಾಸಗಿ ಕಂಪನಿಗಳು ಹಳ್ಳಿಗಳಿಗೆ ತಂತಿ ಎಳೆಯಲು ಹಿಂಜರಿದಾಗ ಗ್ರೇಂಜ್ ಎಂಬ ರೈತ ಸಂಘ ಸಹಿ ಸಂಗ್ರಹಿಸಿತು. ಜನರೇ ವಿದ್ಯುತ್ ಸಂಸ್ಥೆ ಕಟ್ಟಿಕೊಳ್ಳುವ ಕಾನೂನಿಗೆ 1930ರಲ್ಲಿ ಮತದಾರರು ಒಪ್ಪಿಗೆಯಿತ್ತರು. ಇವೇ ಪಬ್ಲಿಕ್ ಯುಟಿಲಿಟಿ ಡಿಸ್ಟ್ರಿಕ್ಟ್‌ಗಳು. ಜನರು ಆರಿಸಿದ ಕಮಿಷನರುಗಳು ದರ ನಿಗದಿಪಡಿಸುತ್ತಾರೆ. ಲಾಭ ಹಂಚಿಕೊಳ್ಳುವ ಷೇರುದಾರರಿಲ್ಲ. ಚೆಲಾನ್ ಕೌಂಟಿಯ ಸಂಸ್ಥೆ ಕೊಲಂಬಿಯಾ ನದಿಯ ರಾಕಿ ರೀಚ್ ಅಣೆಕಟ್ಟಿನಲ್ಲಿ ತಾನೇ ವಿದ್ಯುತ್ ಉತ್ಪಾದಿಸಿ ಮನೆಮನೆಗೆ ಕೊಡುತ್ತದೆ. ನಮ್ಮ ಹುಕ್ಕೇರಿಯಲ್ಲೂ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿತು.

ಒಡೆತನವೆಂದರೆ ಬಿಲ್ ಕಟ್ಟಿ ಸುಮ್ಮನಿರುವುದಲ್ಲ. ಸಭೆಗೆ ಹೋಗಬೇಕು, ಲೆಕ್ಕ ಕೇಳಬೇಕು, ಮತ ಹಾಕಬೇಕು. ಲೆಕ್ಕಪತ್ರ ಓದಲು ವಿದ್ಯೆ ಬೇಕು. ನಮ್ಮ ಹೆಣ್ಣುಮಕ್ಕಳು ಏಳನೇ ತರಗತಿಗೇ ಶಾಲೆ ಬಿಟ್ಟರೆ, ಆ ಸಭೆಯಲ್ಲಿ ನಮ್ಮ ಮೊಹಲ್ಲಾದ ಪರವಾಗಿ ಎದ್ದು ಮಾತನಾಡುವವರು ಯಾರು? ಮಕ್ಕಳನ್ನು ಶಾಲೆ ಬಿಡಿಸಬೇಡಿ.