ನೀಲಿ ದೀಪದ ಕೋರಿಕೆ

ನ್ಯೂಯಾರ್ಕ್ ಎಂದೊಡನೆ ನಮಗೆ ನೆನಪಾಗುವುದು ಮುಗಿಲೆತ್ತರದ ಕಟ್ಟಡಗಳ ಮಹಾನಗರ. ಆದರೆ ಅದೇ ಹೆಸರಿನ ರಾಜ್ಯದಲ್ಲಿ ಹೈನುಗಾರಿಕೆಯನ್ನೂ ಸೇಬಿನ ತೋಟಗಳನ್ನೂ ನಂಬಿ ಬಾಳುವ ಸಣ್ಣ ಊರುಗಳು ಬೇಕಾದಷ್ಟಿವೆ. ಅಂಥ ಊರಿನಲ್ಲಿ ಮನೆಗೆ ಬೆಂಕಿ ಬಿದ್ದರೆ ಆರಿಸಲು ಬರುವವರು ಹೆಚ್ಚಾಗಿ ಸಂಬಳದ ನೌಕರರಲ್ಲ. ಅಂಗಡಿಯವರು, ಉಪಾಧ್ಯಾಯರು, ಬಡಗಿಗಳು, ರೈತರು. 1736ರಲ್ಲಿ ಫಿಲಡೆಲ್ಫಿಯದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನರು ನೆರೆಹೊರೆಯವರನ್ನು ಕೂಡಿಸಿ ಯೂನಿಯನ್ ಅಗ್ನಿಶಾಮಕ ಸಂಘವನ್ನು ಕಟ್ಟಿದರಷ್ಟೆ. ಆ ಪದ್ಧತಿ ಇನ್ನೂ ಬಾಳಿದೆ. 2020ರ ಲೆಕ್ಕದಂತೆ ಅಮೆರಿಕದ ಅಗ್ನಿಶಾಮಕರಲ್ಲಿ ನೂರಕ್ಕೆ 65 ಮಂದಿ ಸ್ವಯಂಸೇವಕರು.

ಕರೆ ಬಂದಾಗ ಇವರು ಮನೆಯಲ್ಲೋ ಕೆಲಸದ ಮೇಲೋ ಇರುತ್ತಾರೆ. ಸ್ವಂತ ಕಾರು ಹತ್ತಿ ಠಾಣೆಗೆ ಓಡಬೇಕು; ಸಾಕಷ್ಟು ಜನ ಸೇರಿದ ಮೇಲೆಯೇ ನೀರಿನ ಎಂಜಿನ್ ಹೊರಡುವುದು. ಈ ಓಟಕ್ಕಾಗಿ ಕಾನೂನು ಅವರ ಕಾರಿಗೆ ನೀಲಿ ದೀಪವನ್ನು ಒಪ್ಪಿಸಿದೆ. ದಳದ ಮುಖ್ಯಸ್ಥರು ಬರವಣಿಗೆಯಲ್ಲಿ ಅನುಮತಿ ಕೊಡಬೇಕು; ಕೊಟ್ಟದ್ದನ್ನು ಅವರು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು. ಒಂದೇ ಮನೆಯಲ್ಲಿರುವ ಕುಟುಂಬದವರ ಕಾರಿಗೂ ದೀಪ ಹಾಕಿಕೊಳ್ಳಬಹುದು. ಆದರೆ ಬೆಳಗಿಸುವ ಹಕ್ಕು ಸ್ವಯಂಸೇವಕನೊಬ್ಬನಿಗೇ, ಅದೂ ತುರ್ತು ಕೆಲಸದಲ್ಲಿ ತೊಡಗಿರುವಾಗ ಮಾತ್ರ. ಮಗ ಸಿನಿಮಾಕ್ಕೆ ಹೊತ್ತಾಯಿತೆಂದು ಗುಂಡಿ ಒತ್ತುವಂತಿಲ್ಲ!

ಇಷ್ಟೆಲ್ಲ ಆದ ಮೇಲೆ ಆ ದೀಪದಿಂದ ದೊರೆಯುವ ಅಧಿಕಾರವೇನು? ಏನೂ ಇಲ್ಲ. ದಳದ ಮುಖ್ಯಸ್ಥರ ವಾಹನಕ್ಕೆ ಕೆಂಪು ದೀಪ, ಸೈರನ್‌ಗಳುಂಟು. ನೀಲಿ ದೀಪದ ಕಾರಾದರೋ ಕಾನೂನಿನ ಕಣ್ಣಿಗೆ ಸಾಧಾರಣ ಕಾರೇ. ಕೆಂಪು ಸಿಗ್ನಲ್ ಬಂದರೆ ನಿಲ್ಲಬೇಕು, ವೇಗದ ಮಿತಿ ಮೀರಬಾರದು. ಮುಂದಿನವರು ಸೌಜನ್ಯಕ್ಕಾಗಿ ದಾರಿ ಬಿಡಬೇಕೆಂದು ಆ ರಾಜ್ಯದ ಚಾಲಕರ ಕೈಪಿಡಿ ಹೇಳುತ್ತದೆ. ದೀಪವು ಆಜ್ಞೆಯಲ್ಲ, ಬರಿಯ ಕೋರಿಕೆ.

ಮನೆ ಉರಿಯುತ್ತಿರುವಾಗ ಇದೆಂಥ ನಿಯಮವೆಂದು ತಮಗೆ ತೋರಬಹುದು. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಠಾಣೆ 5 ಮೈಲಿ ದೂರವಿದೆ. ಗಂಟೆಗೆ 40 ಮೈಲಿ ವೇಗದಲ್ಲಿ ಹೋದರೆ ಏಳೂವರೆ ನಿಮಿಷ. 50 ಮೈಲಿ ವೇಗದಲ್ಲಿ 6 ನಿಮಿಷ. ಉಳಿತಾಯ ಒಂದೂವರೆ ನಿಮಿಷ. ಆ ಒಂದೂವರೆ ನಿಮಿಷಕ್ಕಾಗಿ ಕೂಡುರಸ್ತೆಯಲ್ಲಿ ಯಾರಿಗಾದರೂ ಡಿಕ್ಕಿ ಹೊಡೆದರೆ ಠಾಣೆಯಲ್ಲಿ ಒಬ್ಬ ಆಳು ಕಡಿಮೆ; ಮೇಲಾಗಿ, ಅಪಘಾತದ ಸ್ಥಳಕ್ಕೇ ಇನ್ನೊಂದು ತಂಡ ಬರಬೇಕು. ಇದು ಊಹೆಯ ಮಾತಲ್ಲ. ಕರ್ತವ್ಯದಲ್ಲಿ ಮಡಿದ ಅಮೆರಿಕದ ಅಗ್ನಿಶಾಮಕರಲ್ಲಿ ಹೃದ್ರೋಗದ ಅನಂತರ ಬಹುಕಾಲ ಎರಡನೆಯ ಸ್ಥಾನದಲ್ಲಿದ್ದ ಕಾರಣ ವಾಹನ ಅಪಘಾತ. ಹಾಗೆ ಸತ್ತವರಲ್ಲಿ ಸ್ವಂತ ಕಾರಿನಲ್ಲಿ ಕರೆಗೆ ಓಡುತ್ತಿದ್ದವರು ಅನೇಕರು. ಹೋಗುವ ಉತ್ಸಾಹವಿರುವವನಿಗೇ ಕಡಿವಾಣ ಹೆಚ್ಚು ಬೇಕು ಎಂಬುದು ನನ್ನ ಮತ.

ಬಣ್ಣದ ವಿಚಾರದಲ್ಲಿ ಮಾತ್ರ ಒಮ್ಮತವಿಲ್ಲ. ನೆರೆಯ ಮ್ಯಾಸಚೂಸೆಟ್ಸ್‌ನಲ್ಲಿ ನೀಲಿ ಪೊಲೀಸರದು. ಅಲ್ಲಿ ಅಗ್ನಿಶಾಮಕರು ಅನುಮತಿಪತ್ರ ಪಡೆದು ಕೆಂಪು ದೀಪ ಹಾಕಿಕೊಳ್ಳುತ್ತಾರೆ. ಕೆನಡದ ಆಂಟೇರಿಯೋದಲ್ಲಿ ಹಸಿರು. ನ್ಯೂಯಾರ್ಕಿನಲ್ಲಿ ಹಸಿರೆಂದರೆ ಆಂಬ್ಯುಲೆನ್ಸಿನ ಸ್ವಯಂಸೇವಕ. ಗಡಿ ದಾಟಿದೊಡನೆ ದೀಪದ ಅರ್ಥವೇ ಬದಲಾಗುತ್ತದೆ.

ಕಾರಿನ ಮೇಲಿನ ದೀಪವೆಂದರೆ ನಮ್ಮಲ್ಲಿ ಬಹಳ ಕಾಲ ದೊಡ್ಡವರ ಗುರುತಾಗಿತ್ತು. 2017ರ ಮೇ 1ರಿಂದ ಮಂತ್ರಿಗಳ ಕಾರುಗಳಿಂದಲೂ ಅದನ್ನು ಇಳಿಸಲಾಯಿತು. ಅಮೆರಿಕದ ಆ ಹಳ್ಳಿಗಳಲ್ಲಿ ಈಗ ನಮ್ಮವರೂ ಕೆಲವರು ಕಾರು ನಡೆಸುತ್ತಾರೆ. ಹಿಂದೆ ನೀಲಿ ದೀಪ ಮಿನುಗಿದರೆ ಗಾಬರಿಯಿಂದ ಥಟ್ಟನೆ ಬ್ರೇಕ್ ಒತ್ತಬಾರದು. ವೇಗ ತಗ್ಗಿಸಿ, ಬಲಗಡೆಗೆ ಸರಿದು, ಅವನನ್ನು ಮುಂದೆ ಬಿಡಬೇಕು. ಅವನು ಹೋಗುತ್ತಿರುವುದು ಅವರ ಪಕ್ಕದ ಮನೆಗೇ ಇದ್ದೀತು.