ಡೊಂಬಿವಲಿಯಲ್ಲಿ ಮನೆ: ಇಎಂಐ ಒಂದೇ ಲೆಕ್ಕ ಅಲ್ಲ

ಡೊಂಬಿವಲಿಯಲ್ಲಿ 50 ಲಕ್ಷದ ಹಳೇ ಫ್ಲಾಟ್ ಒಪ್ಪಿಗೆ ಆಗಿದೆ ಅಂತಿಟ್ಕೊಳ್ಳಿ. ಬ್ಯಾಂಕಿನಿಂದ 40 ಲಕ್ಷ ಸಾಲ, 8.5% ಬಡ್ಡಿ, 20 ವರ್ಷ ಅಂದ್ರೆ ಇಎಂಐ ಸುಮಾರು 34,700. ಇಬ್ಬರೂ ದುಡಿತೀವಿ, ಆಗುತ್ತೆ ಅಂತೀರಿ.

ಆದ್ರೆ ಕೈಯಿಂದ ಹಾಕೋದೆಷ್ಟು? ನಮ್ಮ ಪಾಲು 10 ಲಕ್ಷ, ಸ್ಟಾಂಪ್ ಡ್ಯೂಟಿ 7% ಅಂದ್ರೆ ಮೂರೂವರೆ ಲಕ್ಷ, ನೋಂದಣಿ 30,000, ರಿಪೇರಿಗೆ 6 ಲಕ್ಷ ಹಿಡಿದ್ರೂ ಹತ್ತಿರ ಹತ್ತಿರ 20 ಲಕ್ಷ! ಇದಾದ ಮೇಲೆ, ಒಂದು ಸಂಬಳ ನಿಂತರೂ ಆರು ತಿಂಗಳು ನಡೆಯುವಷ್ಟು ದುಡ್ಡು ಉಳಿಯುತ್ತಾ? ಇಲ್ಲಾಂದ್ರೆ ಈಗ ಸೋರಿಕೆ, ವೈರಿಂಗ್ ಮಾತ್ರ ಸರಿಮಾಡಿಸಿ.

ಇನ್ನೊಂದು ಮಾತು. ನಕಲಿ ಪರವಾನಗಿ ತೋರಿಸಿ ರೇರಾ ನೋಂದಣಿ ಪಡೆದ 65 ಕಟ್ಟಡ ಕೆಡವಲು 2024ರಲ್ಲಿ ಬಾಂಬೆ ಹೈಕೋರ್ಟ್ ಆದೇಶಿಸಿದ್ದು ಇದೇ ಕಲ್ಯಾಣ್-ಡೊಂಬಿವಲಿಯಲ್ಲಿ. ಟೋಕನ್ ಕೊಡೋ ಮುಂಚೆ ಕಟ್ಟಡದ ಪರವಾನಗಿ, ಓಸಿ ಅಸಲಿಯಾ ಅಂತ ಪಾಲಿಕೆಯಲ್ಲೇ ವಿಚಾರಿಸಿ. ಟೈಲ್ಸ್ ಆಮೇಲೆ ಆರಿಸಿದ್ರಾಯ್ತು.